ಹೇಳದೆ ಉಳಿದ ಆಜ್ಞೆಗಳು: ಆರ್ಗ್ ಕಡತದ ಕೋಡ್ ತುಣುಕುಗಳಲ್ಲಿ ಪೂರ್ವನಿಯೋಜಿತ ಆಯ್ಕೆಗಳ ಅರ್ಥವಿಚಾರ

ಸಾರಾಂಶ

ಲೇಖನದ ಪಠ್ಯವನ್ನೂ ಅದರ ಲೆಕ್ಕಾಚಾರವನ್ನೂ ಒಂದೇ ಕಡತದಲ್ಲಿ ಇರಿಸಿಕೊಳ್ಳಲು ಅವಕಾಶ ಕೊಡುವ ಸಾಧನಗಳಲ್ಲಿ ಈಮ್ಯಾಕ್ಸ್ ಪಠ್ಯ ಸಂಪಾದಕದ ಆರ್ಗ್ ಮೋಡ್ ಮುಖ್ಯವಾದುದು. ಬರೆಹಗಾರನು ಏನನ್ನೂ ಹೇಳದಿದ್ದಾಗ ಈ ಸಾಧನವು ಕೋಡ್ ತುಣುಕುಗಳನ್ನು ಹೇಗೆ ನಡೆಸುತ್ತದೆ ಎಂಬುದನ್ನು ನಿರ್ಧರಿಸುವ ಪೂರ್ವನಿಯೋಜಿತ ಆಯ್ಕೆಗಳನ್ನು ಪ್ರಸ್ತುತ ಲೇಖನವು ವ್ಯಾಕರಣದ ಕಣ್ಣಿನಿಂದ ಪರಿಶೀಲಿಸುತ್ತದೆ. ಹೇಳದೆ ಬಿಟ್ಟ ಆಯ್ಕೆಯು ಅರ್ಥವಿಲ್ಲದ ಜಾಗವಲ್ಲ, ಅದು ಶೂನ್ಯರೂಪದಲ್ಲಿರುವ ಒಂದು ಆಜ್ಞೆ. ಆ ಶೂನ್ಯವನ್ನು ಅರ್ಥೈಸುವ ವ್ಯಾಕರಣವು ಬರೆಯುವವನಿಗೂ ಓದುವವನಿಗೂ ಸಮಾನವಾಗಿರದಿದ್ದರೆ ಪಠ್ಯವು ಅಪೂರ್ಣವಾಗುತ್ತದೆ ಎಂಬುದು ನಮ್ಮ ವಾದ.

ಕೀಲಿಪದಗಳು: ಪೂರ್ವನಿಯೋಜಿತ ಆಯ್ಕೆ, ಶೂನ್ಯರೂಪ, ನಿಷೇಧ, ಉತ್ಸರ್ಗ ಮತ್ತು ಅಪವಾದ, ಕೋಡ್ ತುಣುಕು, ಪುನರಾವರ್ತನೀಯತೆ

1. ಪೀಠಿಕೆ

ಭಾಷಾವಿಜ್ಞಾನದ ಲೇಖನಗಳಲ್ಲಿ ಈಗ ಸಂಖ್ಯೆಗಳು ಹೆಚ್ಚಾಗಿವೆ. ಒಂದು ಪ್ರತ್ಯಯವು ಪಠ್ಯಸಂಚಯದಲ್ಲಿ ಎಷ್ಟು ಸಲ ಬಂದಿದೆ, ಒಂದು ಪದದ ಸರಾಸರಿ ಉದ್ದವೆಷ್ಟು ಎಂಬಂಥ ಪ್ರಶ್ನೆಗಳಿಗೆ ಗಣಕವೇ ಉತ್ತರ ಕೊಡುತ್ತದೆ. ಆ ಉತ್ತರವನ್ನು ಲೇಖನಕ್ಕೆ ಕೈಯಿಂದ ನಕಲು ಮಾಡುವಾಗ ತಪ್ಪು ನುಸುಳುತ್ತದೆ. ಲೆಕ್ಕ ಮಾಡಿದ ಕೋಡ್ ಒಂದು ಕಡೆ, ಲೇಖನ ಇನ್ನೊಂದು ಕಡೆ ಉಳಿದು ಕೆಲವೇ ತಿಂಗಳುಗಳಲ್ಲಿ ಎರಡರ ಸಂಬಂಧ ಕಡಿದುಹೋಗುತ್ತದೆ. ಈ ತೊಂದರೆಗೆ ಪರಿಹಾರವಾಗಿ ಪಠ್ಯವನ್ನೂ ಕೋಡನ್ನೂ ಒಂದೇ ಕಡತದಲ್ಲಿ ಹೆಣೆಯುವ ಪದ್ಧತಿ ಬೆಳೆದುಬಂದಿದೆ.

ಈ ಪದ್ಧತಿಯ ಮೂಲವನ್ನು ಡೊನಾಲ್ಡ್ ಕ್ನೂತ್ ಅವರು 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಕಾಣಬಹುದು. ಪ್ರೋಗ್ರಾಮನ್ನು ಯಂತ್ರಕ್ಕೆ ಕೊಡುವ ಆದೇಶವೆಂದಷ್ಟೇ ಕಾಣದೆ ಮನುಷ್ಯರು ಓದುವ ಪ್ರಬಂಧವೆಂದು ಕಾಣಬೇಕು ಎಂಬುದು ಅವರ ನಿಲುವು. ಕಾರ್ಸ್ಟನ್ ಡೊಮಿನಿಕ್ ಅವರು 2003ರಲ್ಲಿ ಆರಂಭಿಸಿದ ಆರ್ಗ್ ಮೋಡ್ ಮೊದಲಿಗೆ ಟಿಪ್ಪಣಿ ಮತ್ತು ಕೆಲಸದ ಪಟ್ಟಿಗಳನ್ನು ಇಡುವ ಸಾಧನವಾಗಿತ್ತು. ಎರಿಕ್ ಶುಲ್ಟ್ ಮತ್ತು ಡ್ಯಾನ್ ಡೇವಿಸನ್ ಅವರು ರೂಪಿಸಿದ ಬೇಬೆಲ್ ಎಂಬ ಭಾಗವು ಸೇರಿದ ಮೇಲೆ, ಹಲವು ಪ್ರೋಗ್ರಾಮಿಂಗ್ ಭಾಷೆಗಳ ತುಣುಕುಗಳನ್ನು ಒಂದೇ ಕಡತದಲ್ಲಿ ಇರಿಸಿ ಅಲ್ಲಿಯೇ ಚಲಾಯಿಸುವುದು ಸಾಧ್ಯವಾಯಿತು. ಬಹುಭಾಷಿಕ ನಗರದ ಪುರಾಣಕಥೆಯನ್ನು ನೆನಪಿಸುವ ಆ ಹೆಸರು ಸುಮ್ಮನೆ ಬಂದುದಲ್ಲ ಎಂಬುದು ಮುಂದಿನ ಚರ್ಚೆಯಲ್ಲಿ ತಿಳಿಯುತ್ತದೆ.

ಇಂಥ ಕಡತದಲ್ಲಿ ಪ್ರತಿಯೊಂದು ತುಣುಕಿಗೂ ಒಂದು ಆರಂಭದ ಸಾಲು ಇರುತ್ತದೆ. ತುಣುಕು ಯಾವ ಭಾಷೆಯದು, ಅದನ್ನು ಹೇಗೆ ನಡೆಸಬೇಕು, ಬಂದ ಫಲಿತವನ್ನು ಏನು ಮಾಡಬೇಕು ಎಂಬ ಸೂಚನೆಗಳನ್ನು ಆ ಸಾಲಿನಲ್ಲಿ ಬರೆಯಬಹುದು. ವಾಸ್ತವದಲ್ಲಿ ಬಹುಪಾಲು ಬರೆಹಗಾರರು ಭಾಷೆಯ ಹೆಸರೊಂದನ್ನು ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ. ಉಳಿದದ್ದನ್ನು ಸಾಧನವೇ ತುಂಬಿಕೊಳ್ಳುತ್ತದೆ. ಹೀಗೆ ತುಂಬಿಕೊಳ್ಳುವುದರ ಸ್ವರೂಪವೇ ನಮ್ಮ ವಿಮರ್ಶೆಯ ವಿಷಯ.

2. ಪದವಿಚಾರ

ಇಂಗ್ಲಿಷಿನ ‘ಡೀಫಾಲ್ಟ್’ ಎಂಬ ಪದದ ಮೂಲಾರ್ಥ ಕೊರತೆ ಅಥವಾ ತಪ್ಪಿಹೋಗುವಿಕೆ. ಸಾಲ ತೀರಿಸದವನನ್ನು ಕುರಿತು ಇಂದಿಗೂ ಅದೇ ಪದ ಬಳಕೆಯಲ್ಲಿದೆ. ನಮ್ಮ ಬ್ಯಾಂಕುಗಳ ಕನ್ನಡದಲ್ಲಿ ಅವನು ‘ಸುಸ್ತಿದಾರ’. ಬಳಕೆದಾರನು ಆಯ್ಕೆ ಮಾಡಲು ತಪ್ಪಿದಾಗ ಉಂಟಾಗುವ ಸ್ಥಿತಿ ಎಂಬ ಅರ್ಥದಲ್ಲಿ ಗಣಕ ಪರಿಭಾಷೆಯು ಈ ಪದವನ್ನು ಎತ್ತಿಕೊಂಡಿತು. ಅಂದರೆ ಪದದ ಒಳಗೇ ಒಂದು ಆರೋಪವಿದೆ: ಲೋಪ ಬಳಕೆದಾರನದು.

ಕನ್ನಡದಲ್ಲಿ ಇದಕ್ಕೆ ಪ್ರಚಲಿತವಾಗಿರುವ ‘ಪೂರ್ವನಿಯೋಜಿತ’ ಎಂಬ ಪದವು ಆ ಆರೋಪವನ್ನು ತಲೆಕೆಳಗು ಮಾಡುತ್ತದೆ. ‘ನಿಯೋಜಿತ’ ಎಂಬ ಕೃದಂತವು ನಿಯೋಜಿಸಿದ ಒಬ್ಬ ಕರ್ತೃವನ್ನು ಬಯಸುತ್ತದೆ. ಯಾರೋ, ಎಲ್ಲಿಯೋ, ನಮಗಿಂತ ಮೊದಲು ಇದನ್ನು ಹೀಗೆ ಇರಿಸಿದ್ದಾರೆ. ಪದ ಭಾರವಾಗಿದೆ, ಕೃತಕವಾಗಿದೆ ಎಂಬ ಆಕ್ಷೇಪಣೆ ಸರಿಯಾದುದೇ. ಆದರೂ ವಸ್ತುಸ್ಥಿತಿಯನ್ನು ಅದು ಇಂಗ್ಲಿಷ್ ಪದಕ್ಕಿಂತ ಪ್ರಾಮಾಣಿಕವಾಗಿ ಹೇಳುತ್ತದೆ. ಬಳಕೆದಾರನು ಮೌನವಾಗಿದ್ದಾಗ ಸಾಧನ ಮೌನವಾಗಿರುವುದಿಲ್ಲ. ಅದನ್ನು ಕಟ್ಟಿದವರ ಮಾತು ಅಲ್ಲಿ ನಡೆಯುತ್ತಿರುತ್ತದೆ. ಆ ಕಾರಣದಿಂದ ಈ ಪದವನ್ನೇ ನಾವು ಉಳಿಸಿಕೊಂಡಿದ್ದೇವೆ.

3. ಏಳು ಆಯ್ಕೆಗಳು, ಐದು ನಿಷೇಧಗಳು

ಆರ್ಗ್ ಮೋಡ್ ಎಲ್ಲ ಭಾಷೆಗಳ ತುಣುಕುಗಳಿಗೂ ಅನ್ವಯಿಸುವಂತೆ ಇರಿಸಿಕೊಂಡಿರುವ ಪೂರ್ವನಿಯೋಜಿತ ಸೂಚನೆಗಳು ಏಳು. ಸೆಷನ್: ನನ್. ರಿಸಲ್ಟ್ಸ್: ರಿಪ್ಲೇಸ್. ಎಕ್ಸ್‌ಪೋರ್ಟ್ಸ್: ಕೋಡ್. ಕ್ಯಾಷ್: ನೋ. ನೋವೆಬ್: ನೋ. ಎಚ್‌ಲೈನ್ಸ್: ನೋ. ಟ್ಯಾಂಗಲ್: ನೋ. ಏಳರಲ್ಲಿ ಐದು ನಿಷೇಧರೂಪದವು. ಮೇಲುನೋಟಕ್ಕೆ ಈ ಐದು ಕಡೆಗಳಲ್ಲಿ ಸಾಧನವು ಏನನ್ನೂ ಮಾಡದೆ ಸುಮ್ಮನಿರುತ್ತದೆ ಎಂದು ತೋರುತ್ತದೆ.

ಇವುಗಳನ್ನು ಕನ್ನಡಕ್ಕೆ ತರಲು ಹೊರಟಾಗ ತೊಡಕು ಕಾಣಿಸಿಕೊಳ್ಳುತ್ತದೆ. ನಿಷೇಧಕ್ಕೆ ಕನ್ನಡದಲ್ಲಿ ಒಂದೇ ಪದವಿಲ್ಲ. ಇರವನ್ನು ನಿರಾಕರಿಸಲು ‘ಇಲ್ಲ’, ತಾದಾತ್ಮ್ಯವನ್ನು ನಿರಾಕರಿಸಲು ‘ಅಲ್ಲ’, ಕ್ರಿಯೆಯನ್ನು ತಡೆಯಲು ‘ಬೇಡ’ ಮತ್ತು ‘ಕೂಡದು’. ಯಾವುದನ್ನು ಆರಿಸಬೇಕೆಂದು ತಿಳಿಯಲು ಸೂಚನೆಯು ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಅರಿಯಲೇಬೇಕು. ಹಾಗೆ ಅರಿತು ಅನುವಾದಿಸಿದಾಗ ಐದು ನಿಷೇಧಗಳು ಮೂರು ಬಗೆಯಾಗಿ ಒಡೆಯುತ್ತವೆ.

ಮೊದಲನೆಯ ಬಗೆ ಇರವಿನ ನಿಷೇಧ. ಸೆಷನ್ ಎಂದರೆ ತುಣುಕಿನಿಂದ ತುಣುಕಿಗೆ ನೆನಪನ್ನು ಸಾಗಿಸುವ, ನಿರಂತರವಾಗಿ ನಡೆಯುತ್ತಿರುವ ಪ್ರಕ್ರಿಯೆ. ಇಲ್ಲಿ ಅದು ‘ಇಲ್ಲ’. ಪ್ರತಿಯೊಂದು ತುಣುಕೂ ಹೊಸದಾಗಿ ಹುಟ್ಟಿ, ಲೆಕ್ಕ ಮುಗಿಸಿ ಸಾಯುತ್ತದೆ. ಮೊದಲ ತುಣುಕಿನಲ್ಲಿ ಹೆಸರಿಟ್ಟ ಪದಪಟ್ಟಿಯನ್ನು ಎರಡನೆಯ ತುಣುಕಿನಲ್ಲಿ ಬಳಸಿದರೆ, ಅಂಥ ಹೆಸರೇ ತಿಳಿಯದೆಂದು ಪೈಥಾನ್ ದೂರುತ್ತದೆ.

ಎರಡನೆಯ ಬಗೆ ಕ್ರಿಯೆಯ ನಿಷೇಧ. ಹಿಂದಿನ ಫಲಿತವನ್ನು ನೆಚ್ಚಿಕೊಂಡು ಕೂರಬೇಡ, ಕೇಳಿದಾಗಲೆಲ್ಲ ಮತ್ತೆ ಲೆಕ್ಕ ಮಾಡು ಎಂಬುದು ಕ್ಯಾಷ್ ಸೂಚನೆಯ ಅರ್ಥ. ಒಂದು ತುಣುಕಿನೊಳಗೆ ಬರುವ ಇನ್ನೊಂದು ತುಣುಕಿನ ಹೆಸರನ್ನು ಬಿಡಿಸಬೇಡ ಎಂಬುದು ನೋವೆಬ್ ಸೂಚನೆ. ಈ ಹೆಸರು ನಾರ್ಮನ್ ರ್ಯಾಮ್ಸೆ ಅವರ ಸಾಧನವೊಂದರಿಂದ ಬಂದದ್ದು. ಕೋಡನ್ನು ಪ್ರತ್ಯೇಕ ಕಡತಕ್ಕೆ ಬರೆಯಬೇಡ ಎಂಬುದು ಟ್ಯಾಂಗಲ್ ಸೂಚನೆ. ಕ್ನೂತ್ ಅವರ ಪದ್ಧತಿಯಲ್ಲಿ ಕೋಡಿನ ಭಾಗಗಳನ್ನು ಮನುಷ್ಯನ ಓದಿಗೆ ಅನುಕೂಲವಾದ ಕ್ರಮದಲ್ಲಿ ಬರೆದು, ಯಂತ್ರಕ್ಕೆ ಬೇಕಾದ ಕ್ರಮದಲ್ಲಿ ಹೊರತೆಗೆಯುವುದೇ ಜೀವಾಳ. ಆ ಪರಂಪರೆಯ ವಾರಸುದಾರನೆಂದು ಹೇಳಿಕೊಳ್ಳುವ ಸಾಧನದಲ್ಲಿ ಆ ಎರಡೂ ಬಾಗಿಲುಗಳು ಆರಂಭದಲ್ಲಿ ಮುಚ್ಚಿಯೇ ಇವೆ ಎಂಬುದನ್ನು ಗಮನಿಸಬೇಕು.

ಮೂರನೆಯದು ವಿಚಿತ್ರವಾದುದು. ಎಚ್‌ಲೈನ್ಸ್ ಸೂಚನೆಯ ‘ನೋ’ ಎಂಬುದನ್ನು ಯಾವ ಕನ್ನಡ ನಿಷೇಧದಿಂದಲೂ ನೇರವಾಗಿ ಹೇಳಲಾಗುವುದಿಲ್ಲ. ಕೋಷ್ಟಕವೊಂದನ್ನು ತುಣುಕಿಗೆ ಒಪ್ಪಿಸುವಾಗ ಅದರ ಅಡ್ಡಗೆರೆಗಳನ್ನು ಸಾಧನವು ಕಿತ್ತುಹಾಕುತ್ತದೆ. ಆದ್ದರಿಂದ ಸರಿಯಾದ ಅನುವಾದ ‘ತೆಗೆದುಹಾಕು’ ಎಂಬ ವಿಧಿರೂಪ. ಇದಕ್ಕೆ ಸಕಾರಣವಿದೆ: ಅಡ್ಡಗೆರೆಯ ಸಂಕೇತವನ್ನು ಬಹುತೇಕ ಭಾಷೆಗಳು ಅರಗಿಸಿಕೊಳ್ಳಲಾರವು. ಆದರೆ ನಾಮಪದಗಳನ್ನು ಲಿಂಗಾನುಸಾರ ವಿಂಗಡಿಸಿ ನಡುವೆ ಗೆರೆ ಎಳೆದಿದ್ದ ಸಂಶೋಧಕನಿಗೆ, ವರ್ಗಗಳ ಗಡಿಯೇ ಅಳಿಸಿಹೋದ ಒಂದೇ ಸಾಲುಪಟ್ಟಿ ಎದುರಾಗುತ್ತದೆ. ನಿಷೇಧದ ವೇಷದಲ್ಲಿ ಇಲ್ಲಿ ನಡೆದಿರುವುದು ಒಂದು ಕ್ರಿಯೆ.

ಉಳಿದ ಎರಡು ವಿಧಿರೂಪದ ಸೂಚನೆಗಳಲ್ಲಿ ‘ರಿಪ್ಲೇಸ್’ ಎಂಬುದು ಹಳೆಯ ಫಲಿತವನ್ನು ಅಳಿಸಿ ಆ ಜಾಗದಲ್ಲಿ ಹೊಸದನ್ನು ಇಡುತ್ತದೆ. ನಿನ್ನೆ ಬಂದ ಸಂಖ್ಯೆಗೂ ಇಂದು ಬಂದ ಸಂಖ್ಯೆಗೂ ವ್ಯತ್ಯಾಸವಿದ್ದರೆ ನಿನ್ನೆಯದು ಸದ್ದಿಲ್ಲದೆ ಮರೆಯಾಗುತ್ತದೆ. ‘ಕೋಡ್’ ಎಂಬುದನ್ನು ಐದನೆಯ ಭಾಗದಲ್ಲಿ ಚರ್ಚಿಸುತ್ತೇವೆ.

4. ಒಂದೇ ಮೌನ, ಹಲವು ಅರ್ಥ

ಹೇಳದಿರುವುದು ಅರ್ಥ ಕೊಡುತ್ತದೆ ಎಂಬುದು ವ್ಯಾಕರಣಕಾರರಿಗೆ ಹೊಸ ಮಾತಲ್ಲ. ‘ಮಾಡಿದೆನು’, ‘ಮಾಡುವೆನು’, ‘ಮಾಡೆನು’ ಎಂಬ ಮೂರು ರೂಪಗಳನ್ನು ನೋಡಬಹುದು. ಮೊದಲ ಎರಡರಲ್ಲಿ ಧಾತುವಿಗೂ ಪುರುಷಪ್ರತ್ಯಯಕ್ಕೂ ನಡುವೆ ಕಾಲವನ್ನು ಸೂಚಿಸುವ ಪ್ರತ್ಯಯವಿದೆ. ಮೂರನೆಯದರಲ್ಲಿ ಅದಿಲ್ಲ; ಆ ಇಲ್ಲದಿರುವಿಕೆಯೇ ನಿಷೇಧವನ್ನು ಹೇಳುತ್ತದೆ. ಖಾಲಿ ಎಂದು ಕಂಡ ಜಾಗವು ಇಡೀ ವಾಕ್ಯದ ಅರ್ಥವನ್ನು ಬುಡಮೇಲು ಮಾಡುತ್ತದೆ.

ಶೂನ್ಯದ ಅರ್ಥವು ಸಂದರ್ಭಕ್ಕೆ ತಕ್ಕಂತೆ ಬದಲಾಗುವುದೂ ನಮಗೆ ಪರಿಚಿತವೇ. ‘ಪುಸ್ತಕ ಓದಿದೆ’ ಎಂಬಲ್ಲಿ ದ್ವಿತೀಯಾ ವಿಭಕ್ತಿ ಪ್ರತ್ಯಯ ಲೋಪವಾದರೂ ವಾಕ್ಯ ಸಹಜವಾಗಿದೆ. ‘ಹುಡುಗನನ್ನು ನೋಡಿದೆ’ ಎಂಬಲ್ಲಿ ಪ್ರತ್ಯಯವನ್ನು ಬಿಟ್ಟರೆ ವಾಕ್ಯ ನಿಲ್ಲುವುದಿಲ್ಲ. ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಎಂಬುದು ನಾಮಪದದ ವರ್ಗವನ್ನು ಅವಲಂಬಿಸಿದೆ. ಕನ್ನಡಿಗರು ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ, ಏಕೆಂದರೆ ಹೇಳುವವನೂ ಕೇಳುವವನೂ ಒಂದೇ ವ್ಯಾಕರಣವನ್ನು ಒಳಗೊಂಡಿದ್ದಾರೆ.

ಆರ್ಗ್ ಕಡತದಲ್ಲಿಯೂ ಮೌನದ ಅರ್ಥವು ತುಣುಕಿನ ಭಾಷೆಯನ್ನು ಅವಲಂಬಿಸಿದೆ. ‘ಕನ್ನಡ’ ಎಂಬ ಪದದ ಉದ್ದವನ್ನು ಮೂರು ಭಾಷೆಗಳಲ್ಲಿ, ಯಾವ ಸೂಚನೆಯನ್ನೂ ಬರೆಯದೆ ಕೇಳೋಣ. ಪೈಥಾನ್ ತುಣುಕಿನಲ್ಲಿ ಉದ್ದವನ್ನು ಮುದ್ರಿಸುವಂತೆ, ಅಂದರೆ ‘ಪ್ರಿಂಟ್’ ಬಳಸಿ, ಬರೆದರೆ ಫಲಿತದ ಜಾಗದಲ್ಲಿ ‘ನನ್’ ಎಂದು ಬರುತ್ತದೆ. ಈಮ್ಯಾಕ್ಸ್ ಲಿಸ್ಪ್ ತುಣುಕಿನಲ್ಲಿ ಉದ್ದವನ್ನು ಕೇಳಿದರೆ 5 ಎಂದು ಬರುತ್ತದೆ. ಶೆಲ್ ತುಣುಕಿನಲ್ಲಿ ಬೈಟುಗಳನ್ನು ಎಣಿಸಲು ಹೇಳಿದರೆ 15 ಎಂದು ಬರುತ್ತದೆ. ಪದವನ್ನು ಉಚ್ಚರಿಸುವ ನಾವು ಎಣಿಸುವುದು ಮೂರು ಅಕ್ಷರಗಳನ್ನು.

ಲಿಸ್ಪ್ ಮತ್ತು ಶೆಲ್ ಕೊಟ್ಟ ಸಂಖ್ಯೆಗಳಿಗೆ ಕಾರಣ ಲಿಪಿಯ ಸಂಕೇತೀಕರಣದಲ್ಲಿದೆ. ಯೂನಿಕೋಡಿನಲ್ಲಿ ಈ ಪದವು ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಸಂಕೇತಗಳ ಸರಣಿ; ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದು ಸಂಕೇತಕ್ಕೂ 3 ಬೈಟು ಬೇಕು. ಪೈಥಾನಿನ ‘ನನ್’ ಮಾತ್ರ ಪೂರ್ವನಿಯೋಜಿತ ಆಯ್ಕೆಯ ಫಲ. ಅಲ್ಲಿ ಸಾಧನವು ತುಣುಕನ್ನು ಒಂದು ಫಂಕ್ಷನ್ನಿನ ಒಡಲೊಳಗೆ ಇರಿಸಿ, ಅದು ಹಿಂದಿರುಗಿಸುವ ಮೌಲ್ಯವನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಮುದ್ರಿತವಾದುದು ಅದರ ಕಿವಿಗೆ ಬೀಳುವುದಿಲ್ಲ. ಉತ್ತರ ಬೇಕಾದರೆ ‘ರಿಟರ್ನ್’ ಎಂದು ಬರೆಯಬೇಕು. ಹಾಗೆ ಬರೆದ ತುಣುಕನ್ನು ಆರ್ಗ್ ಕಡತದಿಂದ ಹೊರತೆಗೆದು ಸ್ವತಂತ್ರವಾಗಿ ಚಲಾಯಿಸಿದರೆ ಪೈಥಾನ್ ಅದನ್ನು ವ್ಯಾಕರಣದೋಷವೆಂದು ತಿರಸ್ಕರಿಸುತ್ತದೆ. ಅಂದರೆ ಒಂದು ಮೌನ ಆಯ್ಕೆಯು ಆ ಭಾಷೆಯ ವಾಕ್ಯರಚನೆಯನ್ನೇ ಮಾರ್ಪಡಿಸಿ, ಈ ಕಡತಕ್ಕೆ ಮಾತ್ರ ಸಲ್ಲುವ ಒಂದು ಉಪಭಾಷೆಯನ್ನು ಹುಟ್ಟಿಸಿದೆ. ಶೆಲ್ ತುಣುಕಿನಲ್ಲಿ ಸ್ಥಿತಿ ಇದಕ್ಕೆ ವಿರುದ್ಧ. ಇತ್ತೀಚಿನ ಆವೃತ್ತಿಗಳಲ್ಲಿ, ಏನನ್ನೂ ಹೇಳದಿದ್ದರೆ ಅಲ್ಲಿ ಮುದ್ರಿತವಾದುದೇ ಫಲಿತ.

ಸೆಷನ್ ವಿಷಯದಲ್ಲಿಯೂ ಇದೇ ವೈಷಮ್ಯವಿದೆ. ‘ಸೆಷನ್ ಇಲ್ಲ’ ಎಂಬ ಸಾಮಾನ್ಯ ಸೂತ್ರವು ಪೈಥಾನಿಗೆ ಸಲ್ಲುತ್ತದೆ. ಈಮ್ಯಾಕ್ಸ್ ಲಿಸ್ಪ್ ತುಣುಕುಗಳು ಸಂಪಾದಕದ ಒಡಲಿನಲ್ಲಿಯೇ ನಡೆಯುವುದರಿಂದ, ಒಂದರಲ್ಲಿ ಬದಲಿಸಿದ ಚರಾಂಶವು ಮುಂದಿನ ತುಣುಕಿಗೂ, ಆಮೇಲೆ ತೆರೆದ ಬೇರೆ ಕಡತಕ್ಕೂ ಉಳಿದಿರುತ್ತದೆ. ‘ಇಲ್ಲ’ ಎಂದು ಬರೆದಿರುವ ಜಾಗದಲ್ಲಿ ಸೆಷನ್ ಇದ್ದೇ ಇದೆ. ಬೇರೆ ಸಾಧನಗಳನ್ನು ಹೋಲಿಸಿದರೆ ವೈಷಮ್ಯ ಇನ್ನೂ ಹೆಚ್ಚುತ್ತದೆ. ಆರ್ ಭಾಷೆಯವರು ಬಳಸುವ ನಿಟ್‌ಆರ್‌ನಲ್ಲಿ ಒಂದು ಕಡತದ ತುಣುಕುಗಳೆಲ್ಲ ಒಂದೇ ನೆನಪನ್ನು ಹಂಚಿಕೊಳ್ಳುತ್ತವೆ. ಜೂಪಿಟರ್ ಪುಸ್ತಕಗಳಲ್ಲಿಯೂ ಹಾಗೆಯೇ. ಅಲ್ಲಿ ಬಳಕೆದಾರನು ತುಣುಕುಗಳನ್ನು ತನಗೆ ಬೇಕಾದ ಕ್ರಮದಲ್ಲಿ ನಡೆಸಬಹುದಾದ್ದರಿಂದ ಪುಟದ ಕ್ರಮ ಬೇರೆ, ನಡೆದ ಕ್ರಮ ಬೇರೆ ಆಗಿರಲು ಸಾಧ್ಯ. ಮೂರು ಸಾಧನಗಳಲ್ಲಿ ಬರೆಹಗಾರ ಮಾಡಿದ್ದು ಒಂದೇ, ಸುಮ್ಮನಿದ್ದದ್ದು. ಆದ ಅರ್ಥಗಳು ಮೂರು.

5. ಓದುಗನಿಗೆ ಕಾಣುವುದು

ಕಡತವನ್ನು ಅಚ್ಚಿನ ರೂಪಕ್ಕೆ ತರುವ ಹಂತದಲ್ಲಿ ತುಣುಕಿನ ಯಾವ ಭಾಗ ಓದುಗನನ್ನು ತಲುಪಬೇಕು ಎಂಬುದನ್ನು ಎಕ್ಸ್‌ಪೋರ್ಟ್ಸ್ ಸೂಚನೆ ನಿರ್ಧರಿಸುತ್ತದೆ. ಕೋಡ್ ಮಾತ್ರ, ಫಲಿತ ಮಾತ್ರ, ಎರಡೂ, ಯಾವುದೂ ಬೇಡ ಎಂಬ ನಾಲ್ಕು ಸಾಧ್ಯತೆಗಳಿವೆ. ಪೂರ್ವನಿಯೋಜಿತವಾದುದು ‘ಕೋಡ್ ಮಾತ್ರ’. ಬರೆಹಗಾರನು ತನ್ನ ತೆರೆಯ ಮೇಲೆ ತುಣುಕಿನ ಕೆಳಗೆ ಫಲಿತವನ್ನು ಕಾಣುತ್ತಿದ್ದರೂ ಅಚ್ಚಿನಲ್ಲಿ ಆ ಫಲಿತ ಬಿಟ್ಟುಹೋಗುತ್ತದೆ.

ವಾಕ್ಯದ ನಡುವೆ, ಒಂದೇ ಸಾಲಿನೊಳಗೆ ಬರುವ ಕಿರುತುಣುಕುಗಳಿಗೆ ಪ್ರತ್ಯೇಕವಾದ ಪೂರ್ವನಿಯೋಜನೆಯಿದೆ. ಅಲ್ಲಿ ಹೊರಬರುವುದು ‘ಫಲಿತ ಮಾತ್ರ’. ವಾಕ್ಯದ ಓಟ ಕೆಡಬಾರದೆಂಬ ಕಾಳಜಿ ಇದರ ಹಿಂದಿದೆ. ಎರಡನ್ನೂ ಅಕ್ಕಪಕ್ಕದಲ್ಲಿ ಇರಿಸಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ದೊಡ್ಡ ತುಣುಕಿನಲ್ಲಿ ಓದುಗನಿಗೆ ವಿಧಾನ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಕಿರುತುಣುಕಿನಲ್ಲಿ ಉತ್ತರ ಸಿಗುತ್ತದೆ, ವಿಧಾನ ಸಿಗುವುದಿಲ್ಲ. ಪ್ರತಿಪಾದನೆಯನ್ನೂ ಅದರ ಆಧಾರವನ್ನೂ ಒಟ್ಟಿಗೆ ಓದುಗನ ಮುಂದಿಡುವ ಮೌನ ಈ ಸಾಧನದಲ್ಲಿ ಇಲ್ಲವೇ ಇಲ್ಲ. ಅದನ್ನು ಬಾಯಿಬಿಟ್ಟು ಕೇಳಬೇಕು. ಈ ವಿಷಯದಲ್ಲಿ ನಿಟ್‌ಆರ್ ಭಿನ್ನವಾಗಿದೆ. ಅಲ್ಲಿ ಬರೆಹಗಾರ ಸುಮ್ಮನಿದ್ದರೆ ಕೋಡೂ ಫಲಿತವೂ ಎರಡೂ ಬರುತ್ತವೆ.

ಇದು ಭಾಷಾಧ್ಯಯನಕ್ಕೆ ಏಕೆ ಮುಖ್ಯವೆಂಬುದನ್ನು ಮೇಲಿನ ಉದಾಹರಣೆಯೇ ಹೇಳುತ್ತದೆ. ಲೇಖನವೊಂದರಲ್ಲಿ ‘ಪದದ ಉದ್ದ 5’ ಎಂದು ಮಾತ್ರ ಇದ್ದರೆ, ಅದು ಸಂಕೇತಗಳ ಎಣಿಕೆಯೋ ಅಕ್ಷರಗಳ ಎಣಿಕೆಯೋ ಎಂದು ಓದುಗನು ತಿಳಿಯಲಾರನು. ಕೋಡ್ ಮಾತ್ರ ಇದ್ದರೆ, ಲೇಖಕನ ಗಣಕದಲ್ಲಿ ನಿಜವಾಗಿ ಯಾವ ಸಂಖ್ಯೆ ಬಂದಿತೆಂದು ತಿಳಿಯಲಾರನು. ಛಂದಸ್ಸಿನ ಮಾತ್ರೆಗಳನ್ನು ಎಣಿಸುವವನಿಗೂ ಮಕ್ಕಳ ಓದಿನ ಪಾಠಗಳಲ್ಲಿ ಪದದ ಉದ್ದವನ್ನು ಅಳೆಯುವವನಿಗೂ ಮೂರು ಮತ್ತು ಐದರ ನಡುವಿನ ಅಂತರ ಸಣ್ಣದಲ್ಲ. ರೋಮನ್ ಲಿಪಿಯ ಸರಳ ಪದಗಳಲ್ಲಿ ಅಕ್ಷರ, ಸಂಕೇತ, ಬೈಟು ಮೂರೂ ಒಂದೇ ಸಂಖ್ಯೆ ಕೊಡುವುದರಿಂದ ಅಂಥ ಪಠ್ಯವನ್ನು ಓದುವವರಿಗೆ ಈ ಮೌನ ಅಷ್ಟಾಗಿ ಕಾಡುವುದಿಲ್ಲ. ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರನ್ನು ಅದು ಮೊದಲ ಪದದಲ್ಲಿಯೇ ಕಾಡುತ್ತದೆ.

ಆಯ್ಕೆಯ ಪರವಾಗಿ ಹೇಳಬಹುದಾದುದನ್ನೂ ನಾವು ಮುಚ್ಚಿಡಬಾರದು. ಈ ಸಾಧನವು ಸಂಶೋಧಕರಿಗಾಗಿ ಮಾತ್ರ ರೂಪುಗೊಂಡಿಲ್ಲ. ಪ್ರೋಗ್ರಾಮುಗಳನ್ನು ವಿವರಿಸುವ ಕೈಪಿಡಿಗಳೂ ಇದರಲ್ಲಿಯೇ ಬರೆಯಲ್ಪಡುತ್ತವೆ, ಅವುಗಳ ಓದುಗನಿಗೆ ಕೋಡೇ ಮುಖ್ಯ. ಮಿಗಿಲಾಗಿ, ‘ಕೋಡ್ ಮಾತ್ರ’ ಎಂಬಲ್ಲಿ ಅಚ್ಚಿಗೆ ಸಿದ್ಧಗೊಳಿಸುವಾಗ ತುಣುಕು ಮತ್ತೆ ನಡೆಯುವುದಿಲ್ಲ. ‘ಎರಡೂ’ ಎಂದು ಕೇಳಿದರೆ ಆಗ ತುಣುಕು ಮತ್ತೊಮ್ಮೆ ನಡೆಯುತ್ತದೆ, ಮತ್ತು ಪಠ್ಯಸಂಚಯ ನಡುವೆ ಬದಲಾಗಿದ್ದರೆ ಕೋಷ್ಟಕದ ಸಂಖ್ಯೆಯು ಲೇಖಕನು ವಾಕ್ಯದಲ್ಲಿ ಚರ್ಚಿಸಿದ ಸಂಖ್ಯೆಯಿಂದ ಬೇರೆಯಾಗುತ್ತದೆ. ಅದನ್ನು ತಡೆಯಲು ‘ಇವ್ಯಾಲ್’ ಎಂಬ ಇನ್ನೊಂದು ಸೂಚನೆಯಲ್ಲಿ ‘ಅಚ್ಚಿನ ಹೊತ್ತಿಗೆ ನಡೆಸಕೂಡದು’ ಎಂದು ಹೇಳುವ ಅವಕಾಶವಿದೆ. ಆಗ ಕಡತದಲ್ಲಿ ಮೊದಲೇ ಇರುವ ಫಲಿತವೇ ಅಚ್ಚಿಗೆ ಹೋಗುತ್ತದೆ. ಹೀಗೆ ಎಚ್ಚರದ ಬರೆಹಗಾರನಿಗೆ ದಾರಿಯಿದೆ. ನಮ್ಮ ಆಕ್ಷೇಪ ದಾರಿಯಿಲ್ಲವೆಂದಲ್ಲ. ಎಚ್ಚರವಿಲ್ಲದವನ ಲೇಖನವೂ ಎಚ್ಚರವಿರುವವನ ಲೇಖನದಂತೆಯೇ ಕಾಣುತ್ತದೆ ಎಂದು.

6. ಅನುಮತಿಯ ಪ್ರಶ್ನೆ

ಆರ್ಗ್ ಮೋಡ್ ತುಣುಕೊಂದನ್ನು ನಡೆಸುವ ಮೊದಲು ಅನುಮತಿ ಕೇಳುತ್ತದೆ. ಹಾಗೆ ಕೇಳುವುದೂ ಪೂರ್ವನಿಯೋಜಿತ ಆಯ್ಕೆಯೇ. ಇತರರಿಂದ ಬಂದ ಕಡತವನ್ನು ಓದಲೆಂದು ತೆರೆದವನ ಗಣಕದಲ್ಲಿ ಅವನಿಗೆ ತಿಳಿಯದಂತೆ ಆಜ್ಞೆಗಳು ಜಾರಿಯಾಗಬಾರದೆಂಬ ಈ ಎಚ್ಚರವನ್ನು ಮೆಚ್ಚಲೇಬೇಕು. ಪಠ್ಯವನ್ನು ಓದುವುದಕ್ಕೂ ಪಾಲಿಸುವುದಕ್ಕೂ ನಡುವೆ ಗೆರೆ ಎಳೆಯುವ ಕೆಲಸವನ್ನು ಈ ಪ್ರಶ್ನೆ ಮಾಡುತ್ತದೆ.

ಪ್ರಶ್ನೆಯ ರೂಪವನ್ನು ಮಾತ್ರ ಪರಿಶೀಲಿಸಬೇಕು. ಇಂಗ್ಲಿಷಿನಲ್ಲಿ ಅದು ಕರ್ತೃಪದವಿಲ್ಲದ ಬರಿಯ ಕ್ರಿಯಾರೂಪದಿಂದ ಆರಂಭವಾಗುತ್ತದೆ. ಕನ್ನಡದಲ್ಲಿ ಇದನ್ನು ಕೇಳಲು ಹೊರಟರೆ ‘ನಡೆಸಲೇ?’, ‘ನಡೆಸುತ್ತೀರಾ?’, ‘ನಡೆಸಬೇಕೇ?’ ಎಂಬವುಗಳಲ್ಲಿ ಒಂದನ್ನು ಆರಿಸಬೇಕು. ಮೊದಲನೆಯದರಲ್ಲಿ ನಡೆಸುವವನು ಯಂತ್ರ, ಒಪ್ಪಿಗೆ ಕೊಡುವವನು ಓದುಗ. ಎರಡನೆಯದರಲ್ಲಿ ನಡೆಸುವವನೂ ಹೊಣೆ ಹೊರುವವನೂ ಓದುಗ. ಮೂರನೆಯದರಲ್ಲಿ ಹೊಣೆ ಯಾರದೆಂಬುದು ತೇಲಿಹೋಗುತ್ತದೆ. ಇಂಗ್ಲಿಷ್ ರೂಪವು ಮೂರನ್ನೂ ಒಂದರಲ್ಲಿ ಅಡಗಿಸುತ್ತದೆ. ಅಪಾಯ ಸಂಭವಿಸಿದಾಗ ಹೊಣೆಯನ್ನು ನಿರ್ಣಯಿಸಬೇಕಾದ ಪ್ರಶ್ನೆಯಲ್ಲಿಯೇ ಕರ್ತೃ ಕಾಣೆಯಾಗಿದ್ದಾನೆ.

ಇದಕ್ಕಿಂತ ಮುಖ್ಯವಾದುದು ಪ್ರಶ್ನೆಯ ಪುನರುಕ್ತಿ. ಇಪ್ಪತ್ತು ತುಣುಕುಗಳಿರುವ ಕಡತದಲ್ಲಿ ಇಪ್ಪತ್ತು ಸಲ ‘ಹೌದು’ ಎನ್ನಬೇಕಾದವನು ಕೊನೆಗೆ ಪ್ರಶ್ನೆಯನ್ನು ಓದುವುದನ್ನೇ ಬಿಡುತ್ತಾನೆ, ಅಥವಾ ಆಯ್ಕೆಯನ್ನೇ ಬದಲಿಸಿ ಪ್ರಶ್ನೆ ಬರದಂತೆ ಮಾಡಿಕೊಳ್ಳುತ್ತಾನೆ. ಮತ್ತೆ ಮತ್ತೆ ಕೇಳಿದ ಪ್ರಶ್ನೆ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಈ ಸಾಧನದಲ್ಲಿ ಆರಂಭದಿಂದಲೇ ಸಕ್ರಿಯವಾಗಿರುವ ಭಾಷೆ ಒಂದೇ, ಈಮ್ಯಾಕ್ಸ್ ಲಿಸ್ಪ್. ಉಳಿದವನ್ನು ಬಳಕೆದಾರನೇ ಸೇರಿಸಿಕೊಳ್ಳಬೇಕು. ಇದು ಸಂಯಮದ ಲಕ್ಷಣವೆಂದು ತೋರುತ್ತದೆ. ಆದರೆ ಸಂಪಾದಕದ ಒಳಗನ್ನೇ ಬದಲಿಸಬಲ್ಲ ಭಾಷೆ ಅದು. ಒಂದು ತುಣುಕಿಗೆ ಒಮ್ಮೆ ‘ಹೌದು’ ಎಂದರೆ, ಆ ತುಣುಕೇ ಮುಂದಿನ ಪ್ರಶ್ನೆಗಳನ್ನು ಇಲ್ಲವಾಗಿಸಬಲ್ಲದು.

7. ಉತ್ಸರ್ಗ ಮತ್ತು ಅಪವಾದ

ಆಯ್ಕೆಗಳ ಶ್ರೇಣಿಯನ್ನು ನೋಡಿದಾಗ ವ್ಯಾಕರಣ ಪರಂಪರೆಯ ಪರಿಚಯವಿರುವವರಿಗೆ ಉತ್ಸರ್ಗ ಮತ್ತು ಅಪವಾದಗಳ ನೆನಪಾಗುವುದು ಸಹಜ. ಸಾಧನದ ಸಾಮಾನ್ಯ ಆಯ್ಕೆಯನ್ನು ಭಾಷಾವಾರು ಆಯ್ಕೆ ಮೀರುತ್ತದೆ, ಅದನ್ನು ಕಡತದ ಆರಂಭದ ಘೋಷಣೆ ಮೀರುತ್ತದೆ, ಅದನ್ನು ಅಧ್ಯಾಯದ ಘೋಷಣೆ ಮೀರುತ್ತದೆ, ಎಲ್ಲವನ್ನೂ ತುಣುಕಿನ ಸ್ವಂತ ಸಾಲು ಮೀರುತ್ತದೆ. ವಿಶೇಷವು ಸಾಮಾನ್ಯವನ್ನು ಬಾಧಿಸುತ್ತದೆ ಎಂಬ ಪಾಣಿನೀಯ ತತ್ತ್ವವನ್ನು ಪಾಲ್ ಕಿಪಾರ್ಸ್ಕಿ ಅವರು 1973ರಲ್ಲಿ ಆಧುನಿಕ ಧ್ವನಿಮಾ ಸಿದ್ಧಾಂತಕ್ಕೆ ತಂದರು. ಅದೇ ತತ್ತ್ವ ಇಲ್ಲಿಯೂ ಕೆಲಸ ಮಾಡುತ್ತಿದೆ. ರಚನೆಯ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ವ್ಯವಸ್ಥೆ.

ಸಾದೃಶ್ಯ ಇಲ್ಲಿಗೆ ಮುಗಿಯುತ್ತದೆ. ವ್ಯಾಕರಣದಲ್ಲಿ ಉತ್ಸರ್ಗ ಸೂತ್ರವು ಎಲ್ಲ ಅಧ್ಯೇತೃಗಳಿಗೂ ಒಂದೇ. ಆರ್ಗ್ ಮೋಡಿನಲ್ಲಿ ಸಾಮಾನ್ಯ ಆಯ್ಕೆಗಳನ್ನೇ ಪ್ರತಿಯೊಬ್ಬ ಬಳಕೆದಾರನೂ ತನ್ನ ಗಣಕದಲ್ಲಿ ತಿದ್ದಿಕೊಳ್ಳಬಹುದು, ಆ ತಿದ್ದುಪಡಿಯ ಯಾವ ಗುರುತೂ ಲೇಖನದ ಕಡತದಲ್ಲಿ ಉಳಿಯುವುದಿಲ್ಲ. ಲೇಖಕನು ತನ್ನ ಗಣಕದಲ್ಲಿ ‘ಮುದ್ರಿತವಾದುದೇ ಫಲಿತ’ ಎಂದು ತಿದ್ದಿಕೊಂಡಿದ್ದರೆ ಅವನಿಗೆ ಬರುವ ಉತ್ತರ 5. ಅದೇ ಕಡತವನ್ನು ಪಡೆದ ಪರಿಶೀಲಕನಿಗೆ ಬರುವ ಉತ್ತರ ‘ನನ್’. ಕಡತದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಇಬ್ಬರೂ ಒಂದೇ ಸೂತ್ರಪಾಠವನ್ನು ಓದುತ್ತಿದ್ದೇವೆಂದು ನಂಬಿದ್ದಾರೆ, ಆದರೆ ಅಧಿಕಾರ ಸೂತ್ರ ಇಬ್ಬರಿಗೂ ಬೇರೆ ಬೇರೆ. ಬೇಬೆಲ್ ಎಂಬ ಹೆಸರು ಇಲ್ಲಿ ತನ್ನ ಪುರಾಣಾರ್ಥವನ್ನು ನೆನಪಿಸುತ್ತದೆ. ಕಟ್ಟಡ ಕೆಡುವುದು ಭಾಷೆಗಳು ಹಲವಿರುವುದರಿಂದಲ್ಲ, ಒಂದೇ ಭಾಷೆ ಆಡುತ್ತಿದ್ದೇವೆಂಬ ಭ್ರಮೆಯಿಂದ.

8. ಸಮಾಪನ

ಪೂರ್ವನಿಯೋಜಿತ ಆಯ್ಕೆಗಳನ್ನು ಬದಲಿಸಬೇಕೆಂದು ನಾವು ಒತ್ತಾಯಿಸುತ್ತಿಲ್ಲ. ಸೆಷನ್ ಇಲ್ಲದಿರುವುದು ಪ್ರತಿ ತುಣುಕೂ ತನ್ನ ಆಧಾರಗಳನ್ನು ತಾನೇ ಹೇಳುವಂತೆ ಮಾಡುತ್ತದೆ. ಹಿಂದಿನ ಫಲಿತವನ್ನು ನೆಚ್ಚದಿರುವುದೂ ಸರಿಯೇ, ಏಕೆಂದರೆ ಕೋಡ್ ಬದಲಾಯಿತೇ ಎಂಬುದನ್ನು ಆ ವ್ಯವಸ್ಥೆ ಗುರುತಿಸಬಲ್ಲದು, ಹೊರಗಿನ ಪಠ್ಯಸಂಚಯ ಬದಲಾದುದನ್ನು ಗುರುತಿಸಲಾರದು. ಅನುಮತಿ ಕೇಳುವುದಂತೂ ಅಗತ್ಯವೇ. ಯಾವ ಆಯ್ಕೆಯನ್ನು ಮೊದಲಿಗೆ ಇರಿಸಿದರೂ ಅದು ಯಾರೋ ಒಬ್ಬರ ಅಗತ್ಯಕ್ಕೆ ಹೊಂದುವುದಿಲ್ಲ. ಎಲ್ಲರಿಗೂ ಒಪ್ಪುವ ಮೌನವೆಂಬುದಿಲ್ಲ.

ನಾವು ಕೇಳುವುದು ಇಷ್ಟು: ವಿದ್ವತ್ ಲೇಖನದ ಅರ್ಥವು ಲೇಖನದ ಹೊರಗೆ, ಒಬ್ಬನ ಗಣಕದ ಖಾಸಗಿ ಕಡತದಲ್ಲಿ ಉಳಿಯಕೂಡದು. ಕಡತದ ಆರಂಭದಲ್ಲಿ ಒಂದೇ ಸಾಲಿನ ಘೋಷಣೆಯಿಂದ ಸೆಷನ್, ಫಲಿತದ ಬಗೆ, ಅಚ್ಚಿನ ಬಗೆ ಮತ್ತು ಮರುಚಾಲನೆಯ ನಿಯಮ ಇವುಗಳನ್ನು ಹೇಳಿಬಿಡಬಹುದು. ಪೂರ್ವನಿಯೋಜಿತ ಆಯ್ಕೆಯೇ ಸಾಕೆನಿಸಿದರೂ ಅದನ್ನೇ ಮತ್ತೆ ಬರೆಯಬೇಕು. ಪುನರುಕ್ತಿ ಎಂದು ತೋರುವ ಆ ಸಾಲೇ ಕಡತವನ್ನು ಸ್ವಯಂಪೂರ್ಣಗೊಳಿಸುತ್ತದೆ. ವಾಕ್ಯದ ನಡುವೆ ಬರುವ ಪ್ರತಿಯೊಂದು ಸಂಖ್ಯೆಗೂ ಅದನ್ನು ಹುಟ್ಟಿಸಿದ ತುಣುಕು ಯಾವುದೆಂದು ಹೆಸರಿಸಬೇಕು. ಎಣಿಕೆಯ ಘಟಕವು ಅಕ್ಷರವೋ ಸಂಕೇತವೋ ಬೈಟೋ ಎಂಬುದನ್ನು ಕೋಡಿಗೆ ಬಿಡದೆ ಪಠ್ಯದಲ್ಲಿ ಹೇಳಬೇಕು. ಇಂಥ ಕಡತಗಳನ್ನು ಸ್ವೀಕರಿಸುವ ನಿಯತಕಾಲಿಕಗಳು, ಪರಿಶೀಲಕರಿಗೆ ಕಳುಹಿಸುವ ಮೊದಲು, ಬಳಕೆದಾರನ ಯಾವ ತಿದ್ದುಪಡಿಯೂ ಇಲ್ಲದ ಸಂಪಾದಕದಲ್ಲಿ, ತುಣುಕುಗಳ ಭಾಷೆಗಳನ್ನು ಮಾತ್ರ ಸಕ್ರಿಯಗೊಳಿಸಿ, ಅವನ್ನು ಒಮ್ಮೆ ನಡೆಸಿ ನೋಡುವ ಪರಿಪಾಠವನ್ನು ಇಟ್ಟುಕೊಳ್ಳಬೇಕು.

‘ಮಾಡೆನು’ ಎಂಬ ರೂಪದಲ್ಲಿ ಕಾಲ ಪ್ರತ್ಯಯವಿಲ್ಲದಿರುವುದನ್ನು ನಾವು ಕೊರತೆಯೆಂದು ಕಾಣುವುದಿಲ್ಲ. ಅದರ ಅರ್ಥ ನಮಗೆಲ್ಲ ತಿಳಿದಿದೆ. ಆ ಭಾಗ್ಯ ಆರ್ಗ್ ಕಡತದ ಮೌನಗಳಿಗೆ ಇನ್ನೂ ಒದಗಿಬಂದಿಲ್ಲ. ಒದಗುವವರೆಗೆ, ಹೇಳದೆ ಬಿಟ್ಟ ಆಜ್ಞೆಗಳನ್ನು ಹೇಳಿಬಿಡುವುದೇ ಬರೆಹಗಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.